ಒಂದೇ ಹಾಳೆಯಲ್ಲಿ ಇಡೀ ಗಿಡ: ಹಳೇ ಸಸ್ಯಚಿತ್ರಗಳನ್ನು ಓದುವ ಬಗೆ

ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಎಲ್ಲಿ ನೋಡಿದರೂ ಚೆಂಡು ಹೂವಿನ ಮೂಟೆ, ಸೇವಂತಿಗೆ ರಾಶಿ, ಗುಲಾಬಿ, ಸುಗಂಧರಾಜ, ಒಂದು ಕಡೆ ಕಟ್ಟು ಕಟ್ಟಾಗಿ ಜರ್ಬೆರಾ. ಇವೆಲ್ಲ ನಮ್ಮ ಪೂಜೆಗೆ, ಮದುವೆ ಮಂಟಪಕ್ಕೆ, ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೆ ಎಷ್ಟು ಹೊಂದಿಕೊಂಡುಬಿಟ್ಟಿವೆ ಅಂದರೆ, ಇವು ಪರದೇಶದಿಂದ ಬಂದವು ಅಂತ ಯಾರಿಗೂ ಅನಿಸುವುದೇ ಇಲ್ಲ. ಆದರೆ ಚೆಂಡು ಹೂವಿನ ತವರು ಮೆಕ್ಸಿಕೋ. ಸುಗಂಧರಾಜದ ತವರೂ ಅದೇ. ಸೇವಂತಿಗೆ ಚೀನಾದ್ದು. ಜರ್ಬೆರಾ ದಕ್ಷಿಣ ಆಫ್ರಿಕಾದ್ದು. ಗುಲಾಬಿಗೆ ವರ್ಷಪೂರ್ತಿ ಹೂ ಬಿಡುವ ಗುಣ ಬಂದದ್ದು ಚೀನಾದ ಗುಲಾಬಿಯಿಂದ.

ಈ ಗಿಡಗಳು ಹಡಗು ಹತ್ತಿ ದೇಶ ದೇಶ ಸುತ್ತಿದ ಕತೆ ಅಲ್ಲಿ ಇಲ್ಲಿ ಓದಿರುತ್ತೀರಿ. ನಾನು ಹೇಳಬೇಕೆಂದಿರುವುದು ಅವುಗಳ ಜೊತೆ, ಎಷ್ಟೋ ಸಲ ಅವುಗಳಿಗಿಂತ ಮುಂಚೆಯೇ, ಪ್ರಯಾಣ ಮಾಡಿದ ಇನ್ನೊಂದರ ಬಗ್ಗೆ. ಅದು ಅವುಗಳ ಚಿತ್ರ. ಈಗ ಕ್ಯಾಲೆಂಡರ್ ಮೇಲೆ, ಕಾಫಿ ಮಗ್ ಮೇಲೆ, ಹೋಟೆಲ್ ಗೋಡೆ ಮೇಲೆ ಆ ಹಳೇ ಚಿತ್ರಗಳು ಬೇಕಾದಷ್ಟು ಕಾಣುತ್ತವೆ. ಚೆನ್ನಾಗಿದೆ ಅಂತ ನೋಡಿ ಮುಂದೆ ಹೋಗುತ್ತೇವೆ. ಆದರೆ ಅವು ಬರೀ ಅಂದಕ್ಕೆ ಬರೆದವಲ್ಲ. ಅವನ್ನು ಓದಬೇಕು. ಓದುವುದಕ್ಕೆ ಒಂದು ಕ್ರಮ ಇದೆ, ಅದು ಕಷ್ಟದ್ದೂ ಅಲ್ಲ.

ಮೊದಲು ತಿಳಿಯಬೇಕಾದದ್ದು ಇದು. ಸಸ್ಯಚಿತ್ರದಲ್ಲಿ ಇರುವುದು ಯಾವುದೋ ಒಂದು ಗಿಡವಲ್ಲ. ಫೋಟೋ ತೆಗೆದರೆ ಆ ಹೊತ್ತಿನ ಆ ಗಿಡ ಬರುತ್ತದೆ. ಹುಳ ತಿಂದ ಎಲೆ, ಅರ್ಧ ಒಣಗಿದ ತೊಟ್ಟು, ಬಿಸಿಲಿಗೆ ಸೊರಗಿದ ಎಸಳು ಎಲ್ಲವೂ ಬರುತ್ತವೆ. ಚಿತ್ರ ಬರೆಯುವವರು ಹಾಗೆ ಮಾಡುವುದಿಲ್ಲ. ಹತ್ತಾರು ಗಿಡ ನೋಡುತ್ತಾರೆ. ಇದರಿಂದ ಮೊಗ್ಗು, ಅದರಿಂದ ಅರಳಿದ ಹೂ, ತಿಂಗಳು ಬಿಟ್ಟು ಬಂದು ಕಾಯಿ, ಬೀಜ. ಎಲ್ಲವನ್ನೂ ಒಂದೇ ರೆಂಬೆಯಲ್ಲಿ ಕೂಡಿಸುತ್ತಾರೆ. ನಿಜದಲ್ಲಿ ಆ ರೆಂಬೆ ಎಲ್ಲೂ ಇರುವುದಿಲ್ಲ, ಆದರೆ ಅದರಲ್ಲಿರುವ ಪ್ರತಿಯೊಂದು ಭಾಗವೂ ನಿಜ. ಜರ್ಮನಿಯ ಲಿಯೋನ್‌ಹಾರ್ಟ್ ಫುಕ್ಸ್ ಅನ್ನುವ ವೈದ್ಯ 1542ರಲ್ಲಿ 500ಕ್ಕೂ ಹೆಚ್ಚು ಚಿತ್ರಗಳಿರುವ ದೊಡ್ಡ ಸಸ್ಯಗ್ರಂಥ ತಂದ. ಅದರಲ್ಲಿ ಒಂದು ಚೆರ್ರಿ ಮರ ಇದೆ. ಒಂದೇ ಮರದಲ್ಲಿ ಹೂವೂ ಇದೆ, ಹಣ್ಣೂ ಇದೆ, ಆ ಹಣ್ಣುಗಳಲ್ಲೂ ಬೇರೆ ಬೇರೆ ತಳಿ. ತೋಟ ಮಾಡುವವರು ಯಾರೂ ಇದನ್ನು ನಂಬುವುದಿಲ್ಲ. ಆದರೆ ಚೆರ್ರಿ ಎಂದರೆ ಏನೇನು ಅನ್ನುವುದು ಆ ಒಂದು ಹಾಳೆಯಲ್ಲಿ ಸಿಗುತ್ತದೆ.

ಅದೇ ಪುಸ್ತಕದಲ್ಲಿ ನಮ್ಮ ಚೆಂಡು ಹೂವೂ ಇದೆ. ಕೊಲಂಬಸ್ ಅಮೆರಿಕಕ್ಕೆ ಹೋಗಿ ಆಗಿನ್ನೂ ಐವತ್ತೇ ವರ್ಷ. ಅಷ್ಟರಲ್ಲಿ ಮೆಕ್ಸಿಕೋದ ಹೂ ಜರ್ಮನಿಯ ತೋಟದಲ್ಲಿ ಬೆಳೆದು ಪುಸ್ತಕದ ಹಾಳೆ ಸೇರಿತ್ತು. ಫುಕ್ಸ್ ಅದಕ್ಕೆ ಕೊಟ್ಟ ಹೆಸರಿನಲ್ಲಿ ಇಂಡಿಯಾ ಇದೆ, ಮೆಕ್ಸಿಕೋ ಇಲ್ಲ, ಯಾಕೆಂದರೆ ದೂರದಿಂದ ಬಂದದ್ದಕ್ಕೆಲ್ಲ ಆಗ ಇಂಡಿಯಾ ಅನ್ನುತ್ತಿದ್ದರು. ಆ ಚಿತ್ರ ಮರದ ಅಚ್ಚಿನದು. ಹಲಗೆಯ ಮೇಲೆ ಗೆರೆ ಬಿಟ್ಟು ಉಳಿದದ್ದನ್ನು ಕೆತ್ತಿ ತೆಗೆದು, ಉಬ್ಬಿದ ಗೆರೆಗೆ ಮಸಿ ಹಚ್ಚಿ ಒತ್ತುವುದು. ನಮ್ಮಲ್ಲಿ ಸೀರೆಗೆ ಅಚ್ಚು ಹಾಕುವ ಕೆಲಸ ಕಂಡವರಿಗೆ ಇದು ಹೊಸತಲ್ಲ. ನನಗೆ ಆ ಪುಸ್ತಕದ ಬಗ್ಗೆ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಕೊನೆಯಲ್ಲಿ ಫುಕ್ಸ್ ತನ್ನ ಚಿತ್ರಗಾರರಿಬ್ಬರ ಮತ್ತು ಅಚ್ಚು ಕೆತ್ತಿದವನ ಮುಖಚಿತ್ರವನ್ನೂ ಹೆಸರನ್ನೂ ಹಾಕಿದ್ದಾನೆ. ಆ ಕಾಲಕ್ಕೆ ಇದು ದೊಡ್ಡ ಮಾತು. ಮುಂದಿನ ಮುನ್ನೂರು ವರ್ಷದಲ್ಲಿ ಎಷ್ಟೋ ಜನ ಹಾಗೆ ಮಾಡಲಿಲ್ಲ.

ಇನ್ನು, ಚಿತ್ರವೇ ಯಾಕೆ ಬೇಕಿತ್ತು? ಗಿಡವನ್ನೇ ತಂದರೆ ಆಗುತ್ತಿರಲಿಲ್ಲವೇ? ತರುತ್ತಿದ್ದರು. ಬಹಳಷ್ಟು ದಾರಿಯಲ್ಲೇ ಸಾಯುತ್ತಿದ್ದವು. ತಿಂಗಳುಗಟ್ಟಲೆ ಸಮುದ್ರ, ಉಪ್ಪು ಗಾಳಿ, ಕುಡಿಯಲಿಕ್ಕೇ ನೀರು ಸಾಲದ ಹಡಗು. ಗಾಜಿನ ಪೆಟ್ಟಿಗೆಯಲ್ಲಿ ಗಿಡ ಮುಚ್ಚಿಟ್ಟು ಸಾಗಿಸುವ ಉಪಾಯವನ್ನು ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಕಂಡುಕೊಂಡದ್ದು 1829ರ ಹೊತ್ತಿಗೆ. ಅದಕ್ಕೆ ಮುಂಚೆ ಕಾಗದದ ನಡುವೆ ಒತ್ತಿ ಒಣಗಿಸಿದ ಗಿಡವೇ ಗತಿ. ಒಣಗಿದ ಹೂವಿನಲ್ಲಿ ಅಳತೆ ಉಳಿಯುತ್ತದೆ, ಬಣ್ಣ ಉಳಿಯುವುದಿಲ್ಲ. ದಪ್ಪ ಎಸಳು ಚಪ್ಪಟೆಯಾಗುತ್ತದೆ. ಹೂ ಮೇಲೆ ನೋಡುತ್ತಿತ್ತೋ ಕೆಳಗೆ ಬಾಗಿತ್ತೋ ಗೊತ್ತಾಗುವುದಿಲ್ಲ. ಹಾಗಾಗಿ ಹಡಗಿನಲ್ಲೇ ಚಿತ್ರಗಾರ ಬೇಕಾಯಿತು.

ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗಿನಲ್ಲಿ (1768ರಿಂದ 1771) ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಕರೆದುಕೊಂಡು ಹೋದ ಸಿಡ್ನಿ ಪಾರ್ಕಿನ್ಸನ್ ಅಂಥವನು. ಗಿಡಗಳು ಬಂದು ಬೀಳುವ ವೇಗಕ್ಕೆ ಒಂದೊಂದನ್ನೂ ಪೂರ್ತಿ ಬರೆಯಲು ಆಗುತ್ತಿರಲಿಲ್ಲ. ಅದಕ್ಕೆ ಪೆನ್ಸಿಲ್ಲಿನಲ್ಲಿ ಪೂರ್ತಿ ಗೆರೆ ಎಳೆದು, ಒಂದು ಎಲೆಗೆ, ಒಂದು ಎಸಳಿಗೆ ಮಾತ್ರ ಬಣ್ಣ ಹಚ್ಚಿ, ಉಳಿದದ್ದನ್ನು ಬರಹದಲ್ಲಿ ಗುರುತು ಮಾಡಿಡುತ್ತಿದ್ದ. ಹೀಗೆ 900ಕ್ಕೂ ಹೆಚ್ಚು ಸಸ್ಯಚಿತ್ರ ಮಾಡಿದ. ವಾಪಸು ಬರುವಾಗ, 1771ರ ಜನವರಿಯಲ್ಲಿ, ರಕ್ತಭೇದಿಯಿಂದ ಹಡಗಿನಲ್ಲೇ ತೀರಿಕೊಂಡ. ಬ್ಯಾಂಕ್ಸ್ ಆಮೇಲೆ ಬೇರೆ ಚಿತ್ರಗಾರರನ್ನು ಕೂರಿಸಿ ಆ ಗುರುತುಗಳಿಂದಲೇ ಚಿತ್ರ ಪೂರ್ತಿ ಮಾಡಿಸಿದ, ತಾಮ್ರದ ತಗಡಿನ ಮೇಲೆ ಕೆತ್ತಿಸಿದ. 743 ತಗಡು ತಯಾರಾದವು. ಅಷ್ಟಾಗಿಯೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಬ್ಯಾಂಕ್ಸ್ ಬದುಕಿರುವಾಗ ಅದು ಪ್ರಕಟವಾಗಲೇ ಇಲ್ಲ. ಪೂರ್ತಿ ಬಣ್ಣದಲ್ಲಿ ಅಚ್ಚಾಗಿ ಮುಗಿದದ್ದು 1990ರಲ್ಲಿ.

ಬಣ್ಣದ ಸಮಸ್ಯೆಗೆ ಫರ್ಡಿನಾಂಡ್ ಬಾವರ್ ಕಂಡುಕೊಂಡ ದಾರಿ ಇನ್ನೂ ಚೆನ್ನಾಗಿದೆ. ಆಸ್ಟ್ರೇಲಿಯಾ ಸುತ್ತಿದ ಫ್ಲಿಂಡರ್ಸ್‌ನ ಹಡಗಿನಲ್ಲಿ 1801ರಲ್ಲಿ ಹೊರಟವನು ಈತ. ಬಣ್ಣದ ಪೆಟ್ಟಿಗೆ ತೆರೆಯುವ ಬದಲು ಪ್ರತಿ ಛಾಯೆಗೂ ಒಂದು ಅಂಕಿ ಇಟ್ಟುಕೊಂಡಿದ್ದ. ಹಸಿರೇ ನೂರಾರು. ಒಟ್ಟು ಸುಮಾರು 1000 ಅಂಕಿ. ಪೆನ್ಸಿಲ್ ಚಿತ್ರದ ತುಂಬ ಎಲೆಯ ಬುಡಕ್ಕೊಂದು, ತುದಿಗೊಂದು, ಎಸಳಿನ ಒಳಮೈಗೊಂದು, ಹೊರಮೈಗೊಂದು ಅಂಕಿ. ವರ್ಷಗಳಾದ ಮೇಲೆ ಲಂಡನ್ನಿನಲ್ಲಿ ಕೂತು, ಗಿಡ ಎದುರಿಗಿಲ್ಲದೆ, ಆ ಅಂಕಿ ನೋಡಿಯೇ ಬಣ್ಣ ಹಚ್ಚಿದ. ಮುಗಿದ ಚಿತ್ರ ನೋಡಿದರೆ ಗಿಡ ಈಗತಾನೇ ಕಿತ್ತು ತಂದಂತಿದೆ. ಬರೀ ಅಂಕಿಗಳಿಂದ ಇಷ್ಟು ಬಣ್ಣಗಳನ್ನು ಒಬ್ಬ ಮನುಷ್ಯ ಮರಳಿ ತಂದದ್ದು ನನಗೆ ಈಗಲೂ ಆಶ್ಚರ್ಯವೇ.

ಈಗ ಚಿತ್ರದ ಕೆಳಭಾಗಕ್ಕೆ ಬನ್ನಿ. ಹಳೇ ಸಸ್ಯಚಿತ್ರಗಳಲ್ಲಿ ಬುಡದಲ್ಲಿ ಸಣ್ಣ ಸಣ್ಣ ತುಂಡುಗಳು ಇರುತ್ತವೆ, ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ಗುರುತು. ಗೋಡೆಗೆ ಹಾಕುವವರು ಅದನ್ನು ಕತ್ತರಿಸಿಬಿಡುತ್ತಾರೆ. ಸಸ್ಯಶಾಸ್ತ್ರದವರಿಗೆ ಬೇಕಾದದ್ದು ಅದೇ. ಇದಕ್ಕೆ ಕಾರಣ ಸ್ವೀಡನ್ನಿನ ಲಿನ್ನೇಯಸ್. ಆತ 1735ರಲ್ಲಿ ಗಿಡಗಳನ್ನು ವಿಂಗಡಿಸಲು ಒಂದು ಸುಲಭದ ದಾರಿ ಕೊಟ್ಟ. ಹೂವಿನಲ್ಲಿ ಕೇಸರ ಎಷ್ಟು, ಹೇಗಿವೆ ಅಂತ ನೋಡು, ಅದರ ಮೇಲೆ 24 ಗುಂಪು ಮಾಡು. ಮರುವರ್ಷವೇ ಜರ್ಮನಿಯ ಚಿತ್ರಗಾರ ಗೆಯೋರ್ಗ್ ಎಹ್ರೆಟ್ ಆ 24 ಗುಂಪನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಿದ. ಅಲ್ಲಿಂದ ಮುಂದೆ ಸಸ್ಯಚಿತ್ರ ಅಂದರೆ ಹೂವನ್ನು ಬಿಚ್ಚಿ ಒಳಗನ್ನೂ ತೋರಿಸಲೇಬೇಕು ಅಂತಾಯಿತು.

ಯಾಕೆ ಬಿಚ್ಚಬೇಕು ಅನ್ನುವುದು ಓದಿ ತಿಳಿಯುವುದಕ್ಕಿಂತ ಮಾಡಿ ನೋಡಿದರೆ ಬೇಗ ಗೊತ್ತಾಗುತ್ತದೆ. ಒಂದು ಜರ್ಬೆರಾ ತಗೊಳ್ಳಿ. ತಲೆಯ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಬ್ಲೇಡಿನಿಂದ ಹೂವನ್ನು ತೊಟ್ಟಿನ ಸಮೇತ ಉದ್ದಕ್ಕೆ ಎರಡು ಸೀಳು ಮಾಡಿ. ನಾವು ಎಸಳು ಅಂತ ಕರೆಯುವ ಒಂದೊಂದನ್ನೂ ಮೆಲ್ಲಗೆ ಎಳೆಯಿರಿ. ಬುಡದಲ್ಲಿ ಸಣ್ಣ ಅಂಡಾಶಯ ಇರುತ್ತದೆ, ಅದರ ಮೇಲೆ ಬಿಳಿ ಕೂದಲಿನ ಕುಚ್ಚು, ನಡುವೆ ಸೀಳಿದ ಕಡ್ಡಿ. ಅಂದರೆ ಅದು ಎಸಳಲ್ಲ, ಒಂದು ಪೂರ್ತಿ ಹೆಣ್ಣು ಹೂ. ನಡುವಿನ ದಟ್ಟ ಭಾಗ ನೋಡಿ. ಅಲ್ಲಿ ಇನ್ನೂ ಚಿಕ್ಕ ಚಿಕ್ಕ ಹೂಗಳು ಒತ್ತಿಕೊಂಡು ನಿಂತಿವೆ, ಪ್ರತಿಯೊಂದರಲ್ಲೂ ಕೇಸರಗಳು ಅಂಟಿಕೊಂಡು ಒಂದು ಕೊಳವೆ ಆಗಿವೆ. ನಿಮ್ಮ ಕೈಲಿರುವುದು ಒಂದು ಹೂವಲ್ಲ, ನೂರಾರು ಹೂವಿನ ಒಂದು ಗೊಂಚಲು. ಚೆಂಡು ಹೂ, ಸೇವಂತಿಗೆ, ಆಸ್ಟರ್, ಸೂರ್ಯಕಾಂತಿ ಎಲ್ಲವೂ ಇದೇ ಬಗೆ, ಒಂದೇ ಕುಟುಂಬದವು. ಹೊರಗಿನಿಂದ ನೋಡಿದರೆ ಇದು ಯಾರಿಗೂ ತಿಳಿಯುವುದಿಲ್ಲ. ಚಿತ್ರದ ಬುಡದ ಆ ತುಂಡುಗಳು ಇದನ್ನೇ ತೋರಿಸುವುದು.

ಜರ್ಬೆರಾದ ಮೂಲ ಚಿತ್ರವೂ ಸಿಗುತ್ತದೆ. 1884ರಲ್ಲಿ ರಾಬರ್ಟ್ ಜೇಮ್ಸನ್ ಅನ್ನುವವನು ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಚಿನ್ನದ ಗಣಿ ಸೀಮೆಯಿಂದ ಈ ಗಿಡಗಳನ್ನು ತಂದು ಡರ್ಬನ್ನಿನ ಸಸ್ಯೋದ್ಯಾನಕ್ಕೆ ಕೊಟ್ಟ. ಅದೇ ದಶಕದಲ್ಲಿ ಇಲ್ಲಿ ನಮ್ಮ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನಕ್ಕೆ ನೆಲ ತೋಡುತ್ತಿತ್ತು. ಗಿಡ ಡರ್ಬನ್‌ನಿಂದ ಕೇಪ್‌ಟೌನ್‌ಗೆ, ಅಲ್ಲಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಯಿತು. 1889ರಲ್ಲಿ ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್ ಅನ್ನುವ ಪತ್ರಿಕೆಯಲ್ಲಿ 7087ನೇ ಚಿತ್ರವಾಗಿ ಅಚ್ಚಾಯಿತು. ಜೇಮ್ಸನ್ ಹೆಸರು ಗಿಡಕ್ಕೆ ನಿಂತಿತು. ಈಗ ಪಾಲಿಹೌಸಿನಲ್ಲಿ ಬೆಳೆಯುವ ಹಳದಿ, ಬಿಳಿ, ಗುಲಾಬಿ ಬಣ್ಣದ ಜರ್ಬೆರಾ ಅದರ ನೇರ ವಂಶ ಅಲ್ಲ. 1890ರ ದಶಕದಿಂದ ಕೇಂಬ್ರಿಜ್‌ನಲ್ಲಿ ಅದನ್ನು ಇನ್ನೊಂದು ಆಫ್ರಿಕಾ ಜಾತಿಯ ಜೊತೆ ಕೂಡಿಸಿ ಮಾಡಿದ ಮಿಶ್ರತಳಿಯಿಂದ ಬಂದದ್ದು. ತಳಿ ಎಷ್ಟು ಬದಲಾಗಿದೆ ಅಂತ ಅಳೆಯಬೇಕಾದರೆ ಮೊದಲಿನದು ಹೇಗಿತ್ತು ಅಂತ ಗೊತ್ತಿರಬೇಕು, ಅಲ್ವಾ? ಅದಕ್ಕೂ ಈ ಚಿತ್ರವೇ ಆಧಾರ.

ಸುತ್ತು ಜಾಸ್ತಿ ಇರುವ ತೋಟದ ತಳಿಗಳನ್ನು ಕಂಡರೆ ಲಿನ್ನೇಯಸ್‌ಗೆ ಆಗುತ್ತಿರಲಿಲ್ಲ. ಕೇಸರಗಳೇ ಎಸಳಾಗಿ ಮಾರ್ಪಟ್ಟ ಹೂವಿನಲ್ಲಿ ಎಣಿಸಲಿಕ್ಕೆ ಏನೂ ಉಳಿಯುವುದಿಲ್ಲ ಅನ್ನುವುದು ಅವನ ತಕರಾರು. ಆದರೆ ಶ್ರೀಮಂತರಿಗೆ ಬೇಕಾಗಿದ್ದವು ಅವೇ. ಹಾಗಾಗಿ ಇನ್ನೊಂದು ಬಗೆಯ ಪುಸ್ತಕಗಳೂ ಬಂದವು, ತೋಟದ ಒಡೆಯ ತನ್ನಲ್ಲಿ ಏನೇನಿದೆ ಅಂತ ತೋರಿಸಲು ಮಾಡಿಸಿದವು. ಜರ್ಮನಿಯ ಐಖ್‌ಸ್ಟೆಟ್‌ನ ಬಿಷಪ್ಪನ ತೋಟದ ಹೂಗಳನ್ನು ಬೆಸ್ಲರ್ 1613ರಲ್ಲಿ 367 ದೊಡ್ಡ ಹಾಳೆಗಳಲ್ಲಿ ತಂದ. ಫ್ರಾನ್ಸಿನಲ್ಲಿ ನೆಪೋಲಿಯನ್‌ನ ಹೆಂಡತಿ ಜೋಸೆಫೀನ್‌ಗೆ ಚಿತ್ರ ಬರೆಯುತ್ತಿದ್ದ ರೆಡೂಟೆಯ ಲಿಲ್ಲಿ ಪುಸ್ತಕದಲ್ಲಿ (1802ರಿಂದ 1816) ನಮ್ಮ ಸುಗಂಧರಾಜ ಇದೆ. ರೆಡೂಟೆಯ ಚಿತ್ರಗಳು ಯಾಕೆ ಅಷ್ಟು ಮೆತ್ತಗೆ ಕಾಣುತ್ತವೆ ಗೊತ್ತೇ? ಅಲ್ಲಿ ಗೆರೆ ಕಡಿಮೆ. ತಾಮ್ರದ ತಗಡಿನ ಮೇಲೆ ಬರೀ ಚುಕ್ಕಿ ಚುಕ್ಕಿಯಾಗಿ ಕೆತ್ತಿ, ಒಂದೇ ತಗಡಿಗೆ ಬೇರೆ ಬೇರೆ ಬಣ್ಣದ ಮಸಿ ತುಂಬಿ ಒತ್ತುತ್ತಿದ್ದರು, ಆಮೇಲೆ ಕೈಯಿಂದ ತಿದ್ದುತ್ತಿದ್ದರು.

ಕರ್ಟಿಸ್ ಪತ್ರಿಕೆ 1787ರಲ್ಲಿ ಶುರುವಾದದ್ದು, ಈಗಲೂ ಬರುತ್ತಿದೆ. ಪರದೇಶದ ಹೊಸ ಹೂಗಳನ್ನು ತೋಟ ಮಾಡುವವರಿಗೆ ಪರಿಚಯಿಸುವುದೇ ಅದರ ಕೆಲಸ. ಚೀನಾದ ಕೆಂಪು ಗುಲಾಬಿ 1794ರಲ್ಲಿ, ಸೇವಂತಿಗೆ 1796ರಲ್ಲಿ ಅಲ್ಲಿ ಬಂದವು. ಮೊದಲು ತಾಮ್ರದ ತಗಡು, ಆಮೇಲೆ ಕಲ್ಲಚ್ಚು. ಬಣ್ಣ ಮಾತ್ರ 1948ರ ತನಕ ಕೈಯಿಂದಲೇ. ಒಂದು ಮಾದರಿ ಹಾಳೆ ಎದುರಿಗಿಟ್ಟುಕೊಂಡು ಕೂಲಿಗೆ ಬಣ್ಣ ಹಚ್ಚುವವರು ಸಾಲಾಗಿ ಕೂತು ನೂರಾರು ಪ್ರತಿಗೆ ಹಚ್ಚುತ್ತಿದ್ದರು. ಅವರ ಹೆಸರು ಎಲ್ಲೂ ಇಲ್ಲ. ಇಲ್ಲಿ ಓದುವವರಿಗೆ ಒಂದು ಎಚ್ಚರಿಕೆ ಇದೆ. ಒಂದೇ ಚಿತ್ರದ ಎರಡು ಪ್ರತಿಯಲ್ಲಿ ಬಣ್ಣ ಬೇರೆ ಬೇರೆ ಇರಬಹುದು. ಕೆಲವು ಬಣ್ಣ ಕಾಲ ಕಳೆದಂತೆ ಮಾಸುತ್ತದೆ, ಕೆಲವು ಕಪ್ಪಾಗುತ್ತದೆ. ಗೆರೆಯನ್ನು ನಂಬಿ. ಬಣ್ಣವನ್ನು ಇನ್ನೊಂದು ಪ್ರತಿ ನೋಡಿ ನಂಬಿ.

ಚಿತ್ರದಲ್ಲಿ ಕಾಣದೆ ಪಕ್ಕದ ಬರಹದಲ್ಲಿ ಮಾತ್ರ ಸಿಗುವ ಸಂಗತಿಗಳೂ ಇವೆ. ನಮ್ಮ ಊರುಗಳಲ್ಲಿ ಶಾಲೆ, ಆಸ್ಪತ್ರೆಗಳ ಕಾಂಪೌಂಡಿನ ಪಕ್ಕ ಕೆಂಪು ಹಳದಿ ಹೂ ಬಿಡುವ ರತ್ನಗಂಧಿ ಗಿಡ ನೋಡಿರುತ್ತೀರಿ. ಮರಿಯಾ ಸಿಬಿಲಾ ಮೇರಿಯನ್ ಅದನ್ನು ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಕಂಡಳು. 1699ರಲ್ಲಿ, ಐವತ್ತು ದಾಟಿದ ಮೇಲೆ, ಕಿರಿಮಗಳನ್ನು ಕರೆದುಕೊಂಡು ಆಮ್‌ಸ್ಟರ್‌ಡ್ಯಾಮಿನಿಂದ ಹೊರಟವಳು. ಹುಳು ಚಿಟ್ಟೆಯಾಗುವುದನ್ನು ಗಮನಿಸಿ, ಅದು ತಿನ್ನುವ ಗಿಡದ ಜೊತೆಗೇ ಬರೆಯುವುದು ಅವಳ ಕ್ರಮ. 1705ರಲ್ಲಿ ಬಂದ ಅವಳ ಪುಸ್ತಕದಲ್ಲಿ ರತ್ನಗಂಧಿ ಹೂವಿನ ಮೇಲೆ ಹಸಿರು ಹುಳು, ಪಕ್ಕದಲ್ಲಿ ಅದರ ಪತಂಗ. ನೋಡಲು ಬಹಳ ಚೆಂದ. ಪಕ್ಕದ ಬರಹದಲ್ಲಿ ಅವಳು ಬರೆದಿರುವುದು ಬೇರೆಯೇ. ಡಚ್ಚರ ಕೈಲಿ ಗುಲಾಮರಾಗಿ ನರಳುತ್ತಿದ್ದ ಹೆಂಗಸರು, ತಮ್ಮ ಮಕ್ಕಳು ಗುಲಾಮರಾಗಿ ಹುಟ್ಟುವುದು ಬೇಡ ಅಂತ, ಈ ಗಿಡದ ಬೀಜ ತಿಂದು ಗರ್ಭ ಇಳಿಸಿಕೊಳ್ಳುತ್ತಿದ್ದರು. ಅದನ್ನು ಆ ಹೆಂಗಸರೇ ತನಗೆ ಹೇಳಿದರು ಅಂತ ಬರೆಯುತ್ತಾಳೆ. ಆಮೇಲೆ ಆ ಹೂ ಯುರೋಪಿನ ತೋಟಗಳಿಗೆ ಹೋಯಿತು. ಈ ಮಾತು ಅದರ ಜೊತೆ ಹೆಚ್ಚು ದೂರ ಹೋಗಲಿಲ್ಲ. ಪರದೇಶದ ಹೂವಿನ ಚಿತ್ರ ಅಂದಾಗಲೆಲ್ಲ, ಅದು ಯಾರ ನೆಲದಿಂದ, ಯಾರ ತಿಳಿವಳಿಕೆಯಿಂದ ಬಂತು ಅಂತಲೂ ಕೇಳಬೇಕು ಅನ್ನುವುದು ಇದಕ್ಕೇ.

ಇಷ್ಟೆಲ್ಲ ಆದ ಮೇಲೆ ಚಿತ್ರಕ್ಕೆ ಒಂದು ಅಧಿಕಾರವೂ ಬಂತು. ಗಿಡದ ಲ್ಯಾಟಿನ್ ಹೆಸರು ಯಾವುದಕ್ಕೆ ಸಲ್ಲುತ್ತದೆ ಅನ್ನುವುದಕ್ಕೆ ಒಂದು ಆಧಾರ ಬೇಕು, ಜಮೀನಿಗೆ ಪಹಣಿ ಇದ್ದಂತೆ. ಸಾಮಾನ್ಯವಾಗಿ ಆ ಆಧಾರ ಒಣಗಿಸಿಟ್ಟ ಗಿಡ. ಆದರೆ ಹಳೇ ಕಾಲದ ಎಷ್ಟೋ ಹೆಸರುಗಳಿಗೆ ಒಣಗಿದ ಗಿಡವೇ ಇಲ್ಲ, ಚಿತ್ರ ಮಾತ್ರ ಇದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನ್ ಅನ್ನುವ ಕೇರಳದ ವೈದ್ಯರೇ ಮೊದಲಾದವರಿಂದ ತಿಳಿದುಕೊಂಡು 1678ರಿಂದ 1693ರವರೆಗೆ ತಂದ 12 ಸಂಪುಟದ ಹೋರ್ಟಸ್ ಮಲಬಾರಿಕಸ್ ಹಾಗೆ ಆಧಾರವಾದ ಪುಸ್ತಕ. ಅದರಲ್ಲಿನ ಚಿತ್ರಗಳನ್ನು ನೋಡಿಯೇ ಲಿನ್ನೇಯಸ್ ಹಲವು ಗಿಡಗಳಿಗೆ ಹೆಸರಿಟ್ಟ. ಹೆಸರೂ ಚಿತ್ರವೂ ಒಟ್ಟಿಗೇ ಹುಟ್ಟಿದ್ದಕ್ಕೆ ನಮಗೆ ಗೊತ್ತಿರುವ ಮರ ಬೇಕಾದರೆ ಗುಲ್‌ಮೊಹರ್. ಮಡಗಾಸ್ಕರಿನ ಆ ಮರ 1829ರಲ್ಲಿ ಇದೇ ಕರ್ಟಿಸ್ ಪತ್ರಿಕೆಯಲ್ಲಿ ಚಿತ್ರದ ಜೊತೆ ಹೆಸರು ಪಡೆಯಿತು. ಹೆಸರಿನ ಮೊದಲ ಅರ್ಧ ಆಮೇಲೆ ಬದಲಾಗಿದೆ, ಎರಡನೇ ಅರ್ಧ ಈಗಲೂ ಅದೇ.

ಕೊನೆಗೆ ಚಿತ್ರದ ಮೂಲೆಗಳು. ಹಳೇ ಅಚ್ಚಿನ ಹಾಳೆಗಳಲ್ಲಿ ಸಾಮಾನ್ಯವಾಗಿ ಕೆಳಗೆ ಎಡ ಮೂಲೆಯಲ್ಲಿ ಬರೆದವರ ಹೆಸರು, ಬಲ ಮೂಲೆಯಲ್ಲಿ ಕೆತ್ತಿದವರ ಅಥವಾ ಕಲ್ಲಚ್ಚು ಮಾಡಿದವರ ಹೆಸರು ಇರುತ್ತದೆ. ನಮ್ಮ ಕಡೆಯ ಪುಸ್ತಕಗಳಲ್ಲಿ ಇದನ್ನು ತಪ್ಪದೆ ನೋಡಿ. ಮದರಾಸಿನಲ್ಲಿ ಕಂಪನಿ ವೈದ್ಯನಾಗಿದ್ದ ರಾಬರ್ಟ್ ವೈಟ್ 1838ರಿಂದ 1853ರವರೆಗೆ ದಕ್ಷಿಣ ಭಾರತದ ಗಿಡಗಳ 2101 ಚಿತ್ರ ಪ್ರಕಟಿಸಿದ. ಮುಖಪುಟದ ಮೇಲೆ ವೈಟ್ ಹೆಸರಿದೆ. ಹಾಳೆಗಳ ಮೂಲೆಯಲ್ಲಿರುವುದು ರಂಗಯ್ಯ, ಗೋವಿಂದು. ಇಬ್ಬರೂ ತೆಲುಗಿನವರು. ವೈಟ್ ಒಂದು ಸೀತಾಳೆ (ಆರ್ಕಿಡ್) ಗಿಡಕ್ಕೆ ಗೋವಿಂದು ಹೆಸರನ್ನೇ ಇಟ್ಟ ಅನ್ನುವುದನ್ನೂ ಹೇಳಬೇಕು. ನಮ್ಮ ಮೈಸೂರು ಸೀಮೆಯಲ್ಲಿ, 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಕ್ಲೆಗ್‌ಹಾರ್ನ್ ದಿನಕ್ಕೊಂದು ಗಿಡದಂತೆ ಚಿತ್ರ ಬರೆಸುತ್ತಿದ್ದ. ಬರೆದವನು ಒಬ್ಬ ಮರಾಠಿ ಚಿತ್ರಗಾರ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಜಾನ್ ಕ್ಯಾಮರೂನ್ ಪರದೇಶದ ಗಿಡಗಳನ್ನು ತರಿಸಿ ನೆಡುತ್ತಿದ್ದ ಕಾಲಕ್ಕೆ, ಅವನ್ನು ಚಿತ್ರ ಮಾಡಿದವರು ಚೆಲುವಯ್ಯ ರಾಜು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ನಮ್ಮ ಜಿಲ್ಲೆಯಿಂದಲೇ ಎಷ್ಟೋ ಜನ ಹೋಗಿ ಬರುತ್ತಾರೆ, ಅವರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದಾರೋ. ಶಾಲೆ ಪುಸ್ತಕದಲ್ಲಿ ಬರಬೇಕಾದ ಹೆಸರು ಇದು.

ನೋಡಬೇಕೆಂದರೆ ಕಾಸು ಖರ್ಚಿಲ್ಲ. ಕರ್ಟಿಸ್ ಪತ್ರಿಕೆಯ ಹಳೇ ಸಂಪುಟಗಳು, ವೈಟ್‌ನ ಪುಸ್ತಕಗಳು ಎಲ್ಲ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನುವ ವೆಬ್‌ಸೈಟಿನಲ್ಲಿ ಮೊಬೈಲಿನಲ್ಲೇ ಸಿಗುತ್ತವೆ. ಗಿಡದ ಲ್ಯಾಟಿನ್ ಹೆಸರು ಹಾಕಿ ಹುಡುಕಿ, ಕನ್ನಡ ಹೆಸರಿಗೆ ಸಿಗುವುದಿಲ್ಲ. ಚಿತ್ರ ಬಂದಾಗ ಸುಮ್ನೆ ಸ್ಕ್ರೀನ್‌ಶಾಟ್ ಹೊಡೆದುಕೊಳ್ಳಬೇಡಿ, ದೊಡ್ಡದು ಮಾಡಿ ನೋಡಿ. ಮೊದಲು ಬುಡದ ತುಂಡುಗಳು, ಆಮೇಲೆ ಎಡ ಮೂಲೆ, ಆಮೇಲೆ ಮುಂದಿನ ಪುಟದ ಬರಹ.